ಹೋದದ್ದು ಯಂತ್ರವೋ, ಬರಹವೋ?

ನಮ್ಮ ಜನರ ಬಾಯಲ್ಲಿ ಈಚೆಗೆ ಒಂದು ಮಾತು ಬಹಳವಾಗಿ ಕೇಳಿಬರುತ್ತದೆ: "ಕಂಪ್ಯೂಟರು ಹೋಯಿತು." ಕರೆಂಟು ಹೋಯಿತು ಎಂದರೆ ಮರಳಿ ಬರುವುದೆಂಬ ಭರವಸೆ ಉಂಟು, ಬಸ್ಸು ಹೋಯಿತು ಎಂದರೆ ಅದರ ಹಿಂದೆ ಇನ್ನೊಂದು ಬಸ್ಸು ಉಂಟು. ಆದರೆ ಕಂಪ್ಯೂಟರು ಹೋಯಿತೆಂದು ಹೇಳುವವರ ಮುಖವನ್ನು ನೋಡಿದರೆ, ಅವರು ಆ ಕ್ರಿಯಾಪದವನ್ನು 'ಜೀವ ಹೋಯಿತು' ಎಂಬ ಅರ್ಥದಲ್ಲಿಯೇ ಬಳಸುತ್ತಿರುವರೆಂದು ತಿಳಿಯುತ್ತದೆ. ಈ ತಪ್ಪು ತಿಳಿವಳಿಕೆಯಿಂದ ಆಗುತ್ತಿರುವ ನಷ್ಟ ಸಣ್ಣದಲ್ಲ. ಹೋದದ್ದು ಏನು, ಉಳಿದದ್ದು ಏನು ಎಂಬುದನ್ನು ವಿಚಾರಿಸದೆ, ಉಳಿದದ್ದನ್ನೂ ನಮ್ಮ ಕೈಯಾರೆ ಅಳಿಸಿಬಿಡುವ ಪದ್ಧತಿಯೊಂದು ನಮ್ಮ ಊರೂರುಗಳಲ್ಲಿ ಬೇರೂರಿದೆ. ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ತೋರಿದೆ.

ನನ್ನ ಪರಿಚಯದ ಹಿರಿಯರೊಬ್ಬರು ಮಲೆನಾಡಿನ ಹಳ್ಳಿಯೊಂದರಲ್ಲಿ ಹೈಸ್ಕೂಲು ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಊರವರಿಗೆಲ್ಲ ಅವರು ಮೇಷ್ಟ್ರು. ಅಡಕೆ ತೋಟದ ಅಂಚಿನಲ್ಲಿ ಮಳೆಮಾಪಕವೊಂದನ್ನು ನಿಲ್ಲಿಸಿ, ದಿನವೂ ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಅದರ ಅಳತೆಯನ್ನು ಗುರುತು ಹಾಕಿಕೊಳ್ಳುವುದು ಅವರ ವ್ರತ. 2009ರಿಂದ 2013ರವರೆಗಿನ ಲೆಕ್ಕ ನೋಟುಬುಕ್ಕಿನಲ್ಲಿದೆ. ಆಮೇಲೆ ಮಗನು ಒಂದು ಲ್ಯಾಪ್‌ಟಾಪನ್ನು ತಂದುಕೊಟ್ಟದ್ದರಿಂದ ನೋಟುಬುಕ್ಕನ್ನು ಬಿಟ್ಟು ನೇರವಾಗಿ ಅದರಲ್ಲಿಯೇ ಬರೆಯತೊಡಗಿದರು. ಬರಿಯ ಮಿಲಿಮೀಟರುಗಳಲ್ಲ, ಯಾವ ದಿನ ಯಾವ ಹಕ್ಕಿ ಕೂಗಿತು, ಕೊಳೆರೋಗ ಎಂದು ಕಾಣಿಸಿತು, ಹೊಳೆ ಯಾವ ಬಂಡೆಯನ್ನು ಮುಟ್ಟಿತು ಎಂಬ ಟಿಪ್ಪಣಿಗಳೂ ಅದರಲ್ಲಿದ್ದುವು. 2021ರ ಮಳೆಗಾಲದಲ್ಲಿ ಒಂದು ದಿನ ಆ ಯಂತ್ರವು ತನ್ನ ವಿಂಡೋಸನ್ನು ತಾನೇ ನವೀಕರಿಸಿಕೊಳ್ಳುತ್ತಿದ್ದಾಗ ಕರೆಂಟು ಹೋಯಿತು. ಬ್ಯಾಟರಿ ಮುದಿಯಾಗಿತ್ತು. ಮರುದಿನ ಗುಂಡಿ ಒತ್ತಿದರೆ ನೀಲಿ ಪರದೆ. ಅದರ ಮುಂದಕ್ಕೆ ಏನೂ ಇಲ್ಲ.

ಪೇಟೆಯ ರಿಪೇರಿ ಅಂಗಡಿಯ ಹುಡುಗನು ಅದನ್ನು ನೋಡಿ, "ವಿಂಡೋಸ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಮಾಡ್ಬೇಕು. ಡಾಟಾ ಏನಾದ್ರೂ ಇತ್ತಾ?" ಎಂದು ಕೇಳಿದನಂತೆ. ಮೇಷ್ಟ್ರು, "ಡಾಟಾ ಗೀಟಾ ಏನೂ ಇಲ್ಲಪ್ಪ, ನನ್ನ ಮಳೆ ಲೆಕ್ಕ ಒಂದಿದೆ ಅಷ್ಟೆ" ಎಂದರಂತೆ. ಹುಡುಗನು 'ಏನೂ ಇಲ್ಲ' ಎಂಬಷ್ಟನ್ನು ಕೇಳಿಸಿಕೊಂಡನು. ಸಂಜೆಯ ಹೊತ್ತಿಗೆ ಯಂತ್ರವು ಹೊಸದರಂತೆ ಹೊಳೆಯುತ್ತ ಮನೆಗೆ ಬಂತು. ಒಳಗೆ ಎಂಟು ವರ್ಷಗಳ ಮಳೆ ಇರಲಿಲ್ಲ.

ಈ ಕಥೆಯಲ್ಲಿ ದುಷ್ಟರು ಯಾರೂ ಇಲ್ಲ. ಅಜ್ಞಾನ ಮಾತ್ರ ಇದೆ, ಅದೂ ಎರಡು ಕಡೆ. ಆ ದಿನ ಕೆಟ್ಟಿದ್ದದ್ದು ಕಂಪ್ಯೂಟರಿನ ಒಂದು ಭಾಗ. ಮಳೆಯ ಲೆಕ್ಕ ಇದ್ದದ್ದು ಇನ್ನೊಂದು ಭಾಗ. ಕೆಟ್ಟ ಭಾಗವನ್ನು ಸರಿಪಡಿಸುವುದಕ್ಕೆ ಮುಂಚೆ ನೆಟ್ಟಗಿದ್ದ ಭಾಗವನ್ನು ಹೊರಕ್ಕೆ ತೆಗೆದಿಟ್ಟುಕೊಳ್ಳುವುದು ಒಂದು ತಾಸಿನ ಕೆಲಸ, ಮತ್ತು ಅದಕ್ಕೆ ಬೇಕಾದ ಉಪಕರಣವು ಉಚಿತವಾಗಿ ದೊರೆಯತಕ್ಕದ್ದು.

ಇದನ್ನು ತಿಳಿಯಬೇಕಾದರೆ ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ಸ್ವಲ್ಪ ನೋಡಬೇಕು. ಬರಹ, ಚಿತ್ರ, ಹಾಡು ಎಲ್ಲವೂ ಇರುವುದು ಡಿಸ್ಕಿನಲ್ಲಿ. ಈ ವಸ್ತು ಹೊಸದೇನಲ್ಲ. ಐ.ಬಿ.ಎಂ. ಸಂಸ್ಥೆಯು 1956ರಲ್ಲಿ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಾಗ ಅದರಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದುವು; ತೂಕ ಸುಮಾರು ಒಂದು ಟನ್ನು; ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರಗಳು, ಎಂದರೆ ಇಂದಿನ ಮೊಬೈಲು ತೆಗೆಯುವ ಒಂದೆರಡು ಫೋಟೋಗಳಿಗೆ ಸಾಲುವಷ್ಟು. ಇಂದು ಅಂಗೈಯಗಲದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಕೆಲವೇ ನ್ಯಾನೋಮೀಟರು ಎತ್ತರದಲ್ಲಿ ಓದುವ ಮೊನೆಯು ತೇಲುತ್ತಿರುತ್ತದೆ. ಹೊಸ ಯಂತ್ರಗಳಲ್ಲಿ ತಿರುಗುವ ತಟ್ಟೆಯೂ ಇಲ್ಲ; ವಿದ್ಯುದಂಶಗಳನ್ನು ಹಿಡಿದಿಡುವ ಸಿಲಿಕಾನ್ ಬಿಲ್ಲೆಗಳೇ ಡಿಸ್ಕು. ರೂಪ ಯಾವುದಾದರೂ ಆಗಲಿ, ವಿದ್ಯುತ್ತು ಕಡಿದರೂ ಬರೆದದ್ದನ್ನು ಉಳಿಸಿಕೊಳ್ಳುವುದೇ ಅದರ ಧರ್ಮ.

ಆ ಡಿಸ್ಕಿನಲ್ಲಿರುವುದನ್ನು ಹುಡುಕಿ ತೆಗೆದು ನಮ್ಮ ಮುಂದೆ ಇಡುವ ಕಾರ್ಯಭಾರಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸ್ ಅಂಥದೊಂದು, ಲಿನಕ್ಸ್ ಇನ್ನೊಂದು. ಇವರಿಬ್ಬರ ಸಂಬಂಧವನ್ನು ವಿವರಿಸಲು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ಕಂಪ್ಯೂಟರಿನ ಫೈಲಿಗೆ ನಾವು ಈಗ ಬಳಸುವ 'ಕಡತ' ಎಂಬ ಪದವಿದೆಯಷ್ಟೆ, ಅದು ಮೂಲತಃ ಶಾನುಭೋಗರ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಬೇಡವಾದದ್ದನ್ನು ಬಟ್ಟೆಯಿಂದ ಒರಸಿ ಹೊಸದನ್ನು ಬರೆಯಬಹುದಾಗಿತ್ತು. ಬರೆದದ್ದು ಒರಸದೆ ಇದ್ದರೆ ತಲೆಮಾರುಗಳ ಕಾಲ ಉಳಿಯುತ್ತಲೂ ಇತ್ತು. ಶೃಂಗೇರಿಯ ಮಠದಲ್ಲಿ ದೊರೆತ ಹಳೆಯ ಕಡತಗಳು ಇತಿಹಾಸಕಾರರಿಗೆ ಆಧಾರವಾಗಿರುವುದು ಹೀಗೆಯೇ.

ಡಿಸ್ಕು ಕಡತವಾದರೆ ಆಪರೇಟಿಂಗ್ ಸಿಸ್ಟಮ್ ಶಾನುಭೋಗ. ಶಾನುಭೋಗನು ಜ್ವರ ಬಂದು ಮಲಗಿದನೆಂದು ಊರಿನವರು ಕಡತವನ್ನು ತೊಳೆದುಹಾಕುತ್ತಿದ್ದರೆ? ಪಕ್ಕದ ಊರಿನಿಂದ ಮೋಡಿ ಓದಬಲ್ಲ ಇನ್ನೊಬ್ಬನನ್ನು ಕರೆಸಿ ಓದಿಸಿಕೊಳ್ಳುತ್ತಿದ್ದರು. ನಮ್ಮ ರಿಪೇರಿ ಅಂಗಡಿಗಳಲ್ಲಿ ದಿನವೂ ನಡೆಯುತ್ತಿರುವುದಾದರೋ ತೊಳೆಯುವ ಕೆಲಸವೇ. ಹಳೆಯ ಶಾನುಭೋಗನು ಏಳಲಾರ, ಹೊಸಬನನ್ನು ಕೂರಿಸಬೇಕು, ಹೊಸಬನಿಗೆ ಖಾಲಿ ಕಡತವೇ ಬೇಕು ಎಂಬುದು ಅಲ್ಲಿನ ವಾದ.

ಪಕ್ಕದ ಊರಿನ ಶಾನುಭೋಗನು ಎಲ್ಲಿ ಸಿಗುತ್ತಾನೆ? 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಎಲ್ಲರಿಗೂ ಬಿಟ್ಟಿಯಾಗಿ ದೊರೆಯುತ್ತದೆ. ಅದನ್ನು ಯಂತ್ರದೊಳಗೆ ಸ್ಥಾಪಿಸದೆಯೇ ಒಂದು ಸಿ.ಡಿ.ಯಿಂದ ನಡೆಸಬಹುದೆಂಬುದನ್ನು ಜನಸಾಮಾನ್ಯರಿಗೆ ತೋರಿಸಿಕೊಟ್ಟವನು ಜರ್ಮನಿಯ ಕ್ಲಾಸ್ ಕ್ನಾಪರ್; ಅವನ 'ಕ್ನಾಪಿಕ್ಸ್' 2000ದಲ್ಲಿ ಹೊರಬಂತು. ಇಂದು ಸಿ.ಡಿ.ಯ ಸ್ಥಾನದಲ್ಲಿ ಪೆನ್ ಡ್ರೈವು ಬಂದಿದೆ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಪ್ರಭೇದಗಳಲ್ಲಿ ಒಂದನ್ನು ನೆರೆಮನೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡು 8 ಅಥವಾ 16 ಜಿ.ಬಿ.ಯ ಪೆನ್ ಡ್ರೈವಿಗೆ ಏರಿಸಬೇಕು. ಹಾಗೆ ಏರಿಸುವ ಸಣ್ಣ ತಂತ್ರಾಂಶಗಳೂ ಉಚಿತವೇ. ಅದನ್ನು ಕೆಟ್ಟ ಯಂತ್ರಕ್ಕೆ ಸಿಕ್ಕಿಸಿ, ಗುಂಡಿ ಒತ್ತಿದ ಕೂಡಲೆ ಎಫ್ 12 ಅನ್ನೋ ಎಸ್ಕೇಪನ್ನೋ (ತಯಾರಕರಿಂದ ತಯಾರಕರಿಗೆ ಇದು ಬೇರೆ) ಒತ್ತಿದರೆ, ಯಾವುದರಿಂದ ಎಚ್ಚರಗೊಳ್ಳಲಿ ಎಂದು ಯಂತ್ರವು ಕೇಳುತ್ತದೆ. ಪೆನ್ ಡ್ರೈವನ್ನು ತೋರಿಸಿದರಾಯಿತು. ಮುಂದೆ ಬರುವ ಪರದೆಯಲ್ಲಿ 'ಪ್ರಯೋಗಿಸಿ ನೋಡು', 'ಸ್ಥಾಪಿಸು' ಎಂಬರ್ಥದ ಎರಡು ದಾರಿಗಳಿರುತ್ತವೆ. ಹಿಡಿಯಬೇಕಾದದ್ದು ಮೊದಲನೆಯದನ್ನು ಮಾತ್ರ. ಅವಸರದಲ್ಲಿ ಎರಡನೆಯದನ್ನು ಹಿಡಿದವರು ರಿಪೇರಿ ಅಂಗಡಿಯ ಕೆಲಸವನ್ನು ತಾವೇ ಮಾಡಿಕೊಂಡಂತಾಗುತ್ತದೆ.

ಹೀಗೆ ಎದ್ದು ಕೂತ ಲಿನಕ್ಸ್ ಇರುವುದು ಪೆನ್ ಡ್ರೈವಿನಲ್ಲಿಯೂ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿಯೂ ಮಾತ್ರ. ಒಳಗಿನ ಡಿಸ್ಕನ್ನು ಅದು ಪರರ ಕಡತದಂತೆ ತೆರೆದು ಓದುತ್ತದೆ. ವಿಂಡೋಸ್ ಬಳಸುವ 'ಎನ್‌.ಟಿ.ಎಫ್‌.ಎಸ್.' ಎಂಬ ಬರೆವಣಿಗೆಯ ಕ್ರಮವು 1993ರಲ್ಲಿ ಬಂದದ್ದು. ಅದನ್ನು ಓದಲು ಲಿನಕ್ಸ್ ಎಂದೋ ಕಲಿತಿದೆ. ನಮ್ಮ ಫೋಲ್ಡರುಗಳು ಹೆಸರಿನೊಡನೆ ಸಾಲಾಗಿ ಕಾಣಿಸಿಕೊಳ್ಳುತ್ತವೆ. ಅವುಗಳನ್ನು ಮತ್ತೊಂದು ಹೊರಡಿಸ್ಕಿಗೆ ನಕಲು ಮಾಡಿಕೊಂಡರೆ ಮುಗಿಯಿತು. ಆಮೇಲೆ ಫಾರ್ಮ್ಯಾಟೇ ಆಗಲಿ, ಬೇರೇನೇ ಆಗಲಿ. ಯಂತ್ರದ ತಾಯಿಹಲಗೆಯೇ ಸುಟ್ಟುಹೋಗಿದ್ದರೆ, ಡಿಸ್ಕನ್ನು ಬಿಚ್ಚಿ ಒಂದು ತಂತಿಯ ಮೂಲಕ ಬೇರೆ ಕಂಪ್ಯೂಟರಿಗೆ ಸೇರಿಸಿ ಓದುವ ದಾರಿಯೂ ಇದೆ.

ಕೆಲವೊಮ್ಮೆ ಲಿನಕ್ಸ್, 'ಓದಲು ಮಾತ್ರ ಸಾಧ್ಯ, ಬರೆಯಲು ಆಗದು' ಎಂದು ಹೇಳಬಹುದು. 2012ರ ವಿಂಡೋಸ್ 8ರಿಂದ ಈಚೆಗೆ, ಯಂತ್ರವನ್ನು ಮುಚ್ಚಿದಾಗ ಅದು ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ರೆಯಲ್ಲಿರುವ ಏರ್ಪಾಡು ಇರುವುದೇ ಇದಕ್ಕೆ ಕಾರಣ. ಓದಲು ಮಾತ್ರ ಸಾಧ್ಯವೆಂಬುದು ನಮಗೆ ವರವೇ ಹೊರತು ವಿಘ್ನವಲ್ಲ. ಕನ್ನಡಿಗರು ಗಾಬರಿಯಾಗುವ ಇನ್ನೊಂದು ಸಂಗತಿಯುಂಟು. ಹಳೆಯ ನುಡಿ ಅಥವಾ ಬರಹದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಲಿನಕ್ಸಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಎಲ್ಲವೂ ಕೆಟ್ಟಿತೆಂದು ತಲೆಯ ಮೇಲೆ ಕೈಹೊತ್ತು ಕೂರಬೇಕಾಗಿಲ್ಲ. ಆ ಅಕ್ಷರಗುಚ್ಛವು ಈ ಶಾನುಭೋಗನ ಬಳಿ ಇಲ್ಲ, ಅಷ್ಟೆ. ಇದ್ದಂತೆಯೇ ನಕಲು ಮಾಡಿಕೊಂಡು, ಆ ಅಕ್ಷರಗಳಿರುವ ಯಂತ್ರದಲ್ಲಿ ತೆರೆದರೆ ಕನ್ನಡವು ಕನ್ನಡವಾಗಿಯೇ ಇರುತ್ತದೆ.

ಡಿಸ್ಕೇ ರೋಗಗ್ರಸ್ತವಾಗಿದ್ದರೆ ಮಾತು ಬೇರೆ. ಟಕ್ ಟಕ್ ಎಂಬ ಸದ್ದು, ಕೆರೆಯುವ ಸದ್ದು ಕೇಳಿಸಿದರೆ ಯಂತ್ರವನ್ನು ಆರಿಸಿ ದೂರವಿಡತಕ್ಕದ್ದು. ಪ್ರತಿಯೊಂದು ಹೊಸ ಪ್ರಯತ್ನವೂ ತಟ್ಟೆಯನ್ನು ಗೀರುತ್ತದೆ. ಓದುವುದು ನಿಧಾನವಾಗಿದ್ದು ಅಲ್ಲಲ್ಲಿ ತಡೆಯುತ್ತಿದ್ದರೆ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶವು ಮೊದಲು ಸುಲಭವಾಗಿ ಓದಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಭಾಗಗಳಿಗೆ ಆಮೇಲೆ ಕೈಹಾಕುತ್ತದೆ. ಬಾವಿಗೆ ಬಿದ್ದ ಕೊಡಗಳಲ್ಲಿ ತೇಲುತ್ತಿರುವುದನ್ನು ಮೊದಲು ತೆಗೆಯುವ ವಿವೇಕ ಅದು.

ಡಿಸ್ಕಿನ ಆಯುಸ್ಸು ಯಂತ್ರದ ಆಯುಸ್ಸಿಗಿಂತ ಎಷ್ಟು ಗಟ್ಟಿಯೆಂಬುದಕ್ಕೆ ಒಂದು ದಾರುಣವಾದ ನಿದರ್ಶನವಿದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆಯು ಭೂಮಿಗೆ ಮರಳುತ್ತಿರುವಾಗ ಆಕಾಶದಲ್ಲಿಯೇ ಒಡೆದು ಚೂರಾಯಿತು. ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ತೀರಿಕೊಂಡರು. ನೌಕೆಯಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗವೊಂದು ನಡೆದಿತ್ತು. ಅದರ ಡಿಸ್ಕು ತಿಂಗಳುಗಳ ತರುವಾಯ ಟೆಕ್ಸಾಸಿನ ನೆಲದ ಮೇಲೆ, ಬೆಂದು ಕರಕಾದ ಲೋಹದ ಮುದ್ದೆಯಂತೆ ಸಿಕ್ಕಿತು. ತಜ್ಞರು ತಟ್ಟೆಗಳನ್ನು ತೊಳೆದು, ಬೇರೊಂದು ಡಿಸ್ಕಿನ ಮೈಯೊಳಗೆ ಕೂರಿಸಿ ಓದಿದರು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಮಾಹಿತಿ ದೊರೆಯಿತು. ಪ್ರಯೋಗದ ಫಲಿತಾಂಶವು 2008ರಲ್ಲಿ ಪ್ರಕಟವಾಯಿತು. ಆಕಾಶದಿಂದ ಉರಿಯುತ್ತ ಬಿದ್ದ ಡಿಸ್ಕಿನಿಂದ ಇಷ್ಟನ್ನು ತೆಗೆಯಲು ಸಾಧ್ಯವಾದ ಲೋಕದಲ್ಲಿ, ಮೇಜಿನ ಮೇಲೆ ಸುಖವಾಗಿ ಕುಳಿತಿದ್ದ ಡಿಸ್ಕಿನಿಂದ ಎಂಟು ವರ್ಷದ ಮಳೆಯನ್ನು ಕಳೆದುಕೊಂಡೆವು.

ಮೇಷ್ಟ್ರು ನನಗೆ ಫೋನು ಮಾಡಿದ್ದು ಆರು ತಿಂಗಳಾದ ಮೇಲೆ. ಅಷ್ಟರಲ್ಲಿ ಹಳೆಯ ಬರಹದ ಮೇಲೆ ಹೊಸ ವಿಂಡೋಸೂ, ಮೊಮ್ಮಗಳ ಸಿನಿಮಾಗಳೂ ಬರೆಯಲ್ಪಟ್ಟಿದ್ದುವು. ಅಳಿದದ್ದನ್ನು ಹೆಕ್ಕುವ ಫೋಟೋರೆಕ್ ಎಂಬ ತಂತ್ರಾಂಶವನ್ನು ಎರಡು ರಾತ್ರಿ ಓಡಿಸಿದೆ. ಹೆಸರು ಕಳೆದುಕೊಂಡ ಕೆಲವು ಚಿತ್ರಗಳು ಬಂದುವು. ಅವುಗಳಲ್ಲಿ ಒಂದು ಮಳೆಮಾಪಕದ್ದೇ. ಲೆಕ್ಕ ಬರಲಿಲ್ಲ.

ರಿಪೇರಿಯವರ ಪರವಾಗಿಯೂ ಹೇಳಬೇಕಾದ ಮಾತಿದೆ. ಫಾರ್ಮ್ಯಾಟು ಮಾಡಿದರೆ ಅರ್ಧ ದಿನದಲ್ಲಿ ಕೆಲಸ ಮುಗಿದು ಗೊತ್ತಾದ ಮಜೂರಿ ಕೈಸೇರುತ್ತದೆ. ನಕಲು ಮಾಡುತ್ತ ಕುಳಿತರೆ ಹೊತ್ತು ಹೋಗುತ್ತದೆ, ಗಿರಾಕಿ ಅದಕ್ಕೆ ದುಡ್ಡು ಕೊಡಲು ಗೊಣಗುತ್ತಾನೆ. ಗೊಣಗುವ ನಾವೂ ಈ ನಷ್ಟದಲ್ಲಿ ಪಾಲುದಾರರು. ನಕಲಿಗೆ ಬೇರೆಯಾಗಿ ಕೂಲಿ ಗೊತ್ತುಮಾಡಿ, ಅದನ್ನು ಮೊದಲ ಕೆಲಸವೆಂದೇ ಎಣಿಸುವುದು ಒಳ್ಳೆಯದು. 'ಡಾಟಾ ಇದೆಯೆ?' ಎಂದು ಕೇಳುವುದನ್ನು ಬಿಟ್ಟು, 'ಇದರಲ್ಲಿ ನೀವು ಬರೆದದ್ದು, ಚಿತ್ರ, ಲೆಕ್ಕಪತ್ರ ಏನಾದರೂ ಉಂಟೆ?' ಎಂದು ಕನ್ನಡದಲ್ಲಿ ಕೇಳಿದರೆ ಮೇಷ್ಟ್ರಂಥವರು ಇನ್ನೂ ಹಲವರು ಉಳಿದುಕೊಳ್ಳುತ್ತಾರೆ.

ಇಲ್ಲಿಯವರೆಗೆ ಓದಿದ ಜಾಣ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಪೆನ್ ಡ್ರೈವೊಂದರಿಂದ ನನ್ನ ಕಡತಗಳೆಲ್ಲ ಹೀಗೆ ಹೊರಬರುವುದಾದರೆ, ನಾನು ಇಟ್ಟ ಪಾಸ್‌ವರ್ಡಿನ ಗತಿಯೇನು? ಆಕ್ಷೇಪ ನ್ಯಾಯವಾದದ್ದು. ಆ ಪಾಸ್‌ವರ್ಡು ವಿಂಡೋಸಿನ ಬಾಗಿಲಿಗೆ ಹಾಕಿದ ಅಗುಳಿ. ಲಿನಕ್ಸ್ ಆ ಬಾಗಿಲಿನಿಂದ ಬರುವುದೇ ಇಲ್ಲ. ನಮಗೆ ಸುಲಭವಾದದ್ದು ಕಳ್ಳನಿಗೂ ಸುಲಭ. ಆದುದರಿಂದಲೇ ಡಿಸ್ಕಿನ ಬರಹವನ್ನೇ ಗೂಢಲಿಪಿಗೆ ತಿರುಗಿಸಿಡುವ ಬಿಟ್‌ಲಾಕರ್ ಮೊದಲಾದ ಏರ್ಪಾಡುಗಳು ಬಂದಿವೆ. ಬೀದಿ, ಬಸ್ಸುಗಳಲ್ಲಿ ಲ್ಯಾಪ್‌ಟಾಪನ್ನು ಹೊತ್ತು ತಿರುಗುವವರಿಗೆ ಇದು ಅಗತ್ಯವೆಂದೇ ನನ್ನ ಅಭಿಪ್ರಾಯ. ನನ್ನ ತಕರಾರು ಇರುವುದು ಅದನ್ನು ಜಾರಿಗೆ ತಂದ ರೀತಿಯಲ್ಲಿ. ವಿಂಡೋಸ್ 11ರ 2024ರ ಆವೃತ್ತಿಯಿಂದ ಈಚೆಗೆ, ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಯಂತ್ರಗಳಲ್ಲಿ ಈ ಬೀಗವು ತಾನಾಗಿಯೇ ಬೀಳುತ್ತದೆ. ಅದರ ತುರ್ತು ಕೀಲಿ 48 ಅಂಕಿಗಳ ಒಂದು ಸಂಖ್ಯೆ. ಮನೆಗೆ ಬೀಗ ಹಾಕಿ, ಕೀಲಿ ಎಲ್ಲಿದೆಯೆಂದು ಮನೆಯವರಿಗೆ ಸರಿಯಾಗಿ ಹೇಳದೆ ಹೋದ ಹಾಗೆ ಇದು.

2024ರ ಜುಲೈ 19ರಂದು ಇದರ ಫಲವನ್ನು ಲೋಕವೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯು ಕಳುಹಿಸಿದ ಒಂದು ದೋಷದ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಳಲಾರದೆ ಹೋದುವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣದ ಚೀಟಿಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಯಾವ ಯಂತ್ರದ ದಾಖಲೆಗಳೂ ಅಳಿದಿರಲಿಲ್ಲ. ಮಲಗಿದ ವಿಂಡೋಸನ್ನು ಬದಿಗಿಟ್ಟು, ಬೇರೊಂದು ಪುಟ್ಟ ವ್ಯವಸ್ಥೆಯಿಂದ ಡಿಸ್ಕನ್ನು ತೆರೆದು ಆ ಒಂದು ಕಡತವನ್ನು ಅಳಿಸಿದರೆ ಸಾಕಾಗಿತ್ತು. ಆದರೆ ಗೂಢಲಿಪಿಯ ಬೀಗವಿದ್ದ ಕಡೆಗಳಲ್ಲಿ ಒಂದೊಂದು ಯಂತ್ರಕ್ಕೂ ಅದರದೇ 48 ಅಂಕಿಗಳನ್ನು ಹುಡುಕಿ ತಂದು ಕೈಯಿಂದ ಒತ್ತಬೇಕಾಯಿತು. ಸಂಬಳದ ತಂತ್ರಜ್ಞರಿರುವ ದೊಡ್ಡ ಸಂಸ್ಥೆಗಳ ಪಾಡೇ ಹೀಗಾದರೆ, ಮಳೆ ಅಳೆಯುವ ಮೇಷ್ಟ್ರು ಏನು ಮಾಡಿಯಾರು?

ಆದುದರಿಂದ ಯಂತ್ರವನ್ನು ಮಾರುವವನು ಆ ಸಂಖ್ಯೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕೊಳ್ಳುವವನ ಕೈಗೆ ಕೊಡತಕ್ಕದ್ದೆಂದು ನಿಯಮವಾಗಬೇಕು. ಗ್ಯಾಸಿನ ಸಿಲಿಂಡರು ಕೊಡುವವನು ಸೋರಿಕೆಯ ವಿಷಯ ಹೇಳಿಯೇ ಕೊಡಬೇಕಲ್ಲವೆ? ಶಾಲೆಗಳಲ್ಲಿ ಕಂಪ್ಯೂಟರನ್ನು ಕಂಡುಹಿಡಿದವರು ಯಾರೆಂಬುದನ್ನು ಬಾಯಿಪಾಠ ಮಾಡಿಸುವ ಹೊತ್ತಿನಲ್ಲಿ ಒಂದು ದಿನ, ಲಿನಕ್ಸಿನ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಡಿಸ್ಕನ್ನು ಓದಿ ತೋರಿಸಿದರೆ, ಕಡತ ಬೇರೆ, ಶಾನುಭೋಗ ಬೇರೆ ಎಂಬುದು ಮಕ್ಕಳಿಗೆ ಕಣ್ಣಾರೆ ತಿಳಿಯುತ್ತದೆ. ಇದಕ್ಕೆ ಹಣ ಬೇಕಾಗಿಲ್ಲ.

ಹೋದ ವರ್ಷ ನನ್ನ ತಂಗಿಯ ಲ್ಯಾಪ್‌ಟಾಪು ಇದೇ ರೀತಿ ಏಳದೆ ಮಲಗಿತು. ತಾಯಿಯ ಕಡೆಯ ದಿನಗಳ ಚಿತ್ರಗಳು, ಅವರು ಹೇಳಿ ಬರೆಸಿದ ಅಡಿಗೆಗಳು ಅದರಲ್ಲಿದ್ದುವು. ಮೇಷ್ಟ್ರ ಕಥೆ ಅವಳಿಗೆ ಗೊತ್ತಿದ್ದರಿಂದ ಅಂಗಡಿಗೆ ಒಯ್ಯದೆ ನನಗೆ ಹೇಳಿ ಕಳುಹಿಸಿದಳು. ಪೆನ್ ಡ್ರೈವು ಸಿಕ್ಕಿಸಿದೆ, ಲಿನಕ್ಸ್ ಎದ್ದಿತು, ಡಿಸ್ಕನ್ನು ಮುಟ್ಟಿದೊಡನೆ ಕೀಲಿಯನ್ನು ಕೇಳಿತು. ಬೀಗವಿದೆಯೆಂಬುದೇ ಅವಳಿಗೆ ತಿಳಿದಿರಲಿಲ್ಲ. "ನಾನು ಯಾವ ಕೀಲಿಯನ್ನೂ ಹಾಕಿಲ್ಲ ಕಣೋ ಅಣ್ಣ" ಎಂದು ಅಳುಮುಖ ಮಾಡಿದಳು. ಅರ್ಧ ದಿನದ ಹುಡುಕಾಟದ ಮೇಲೆ, ಯಂತ್ರವನ್ನು ಕೊಂಡ ದಿನ ಅವಳ ಮಗನು ತನ್ನ ಫೋನಿನ ನಂಬರು ಕೊಟ್ಟು ಅವಳ ಹೆಸರಿನಲ್ಲಿ ಮೈಕ್ರೋಸಾಫ್ಟ್ ಖಾತೆಯೊಂದನ್ನು ತೆರೆದಿದ್ದನೆಂಬುದು ಹೊರಬಿತ್ತು. ಅವನು ಪುಣೆಯಿಂದ ಆ ಖಾತೆಯನ್ನು ಹೊಕ್ಕು ನೋಡಿ, ಆರಾರು ಅಂಕಿಗಳ ಎಂಟು ಗುಂಪುಗಳನ್ನು ಫೋನಿನಲ್ಲಿ ಓದಿ ಹೇಳಿದನು. ನಾನು ಒತ್ತುತ್ತ ಹೋದೆ; ಒಂದು ಸಲ ತಪ್ಪಿತು, ಎರಡನೆಯ ಸಲ ತೆರೆಯಿತು.

ನಕಲು ಮುಗಿಯುವುದರೊಳಗೆ ತಂಗಿಯು ಆ ಎಂಟು ಗುಂಪುಗಳನ್ನು ಮನೆಖರ್ಚಿನ ಪುಸ್ತಕದ ಕೊನೆಯ ಹಾಳೆಯಲ್ಲಿ, ಗ್ಯಾಸು ಕನೆಕ್ಷನ್ನಿನ ನಂಬರಿನ ಕೆಳಗೆ, ದಪ್ಪ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ಮೇಷ್ಟ್ರು ಈಗ ಮಳೆಯನ್ನು ಮೊದಲು ನೋಟುಬುಕ್ಕಿನಲ್ಲಿ ಬರೆಯುತ್ತಾರೆ, ಭಾನುವಾರ ಕಂಪ್ಯೂಟರಿಗೆ ಏರಿಸುತ್ತಾರೆ. ಅವರಿಗೂ ಒಂದು ಪೆನ್ ಡ್ರೈವು ಮಾಡಿಕೊಟ್ಟಿದ್ದೇನೆ. ಅದನ್ನು ಅವರು ಮಳೆಮಾಪಕದ ಅಳತೆಗಾಜಿನ ಜೊತೆಯಲ್ಲಿ, ಅದೇ ಡಬ್ಬಿಯಲ್ಲಿ ಇಟ್ಟಿದ್ದಾರೆ.